ಕೈಯ ಕೆಲಸವೂ ಕೈಯೊಳಗಿನ ಪರದೆಯೂ

'ಪರದೆ' ಎಂಬ ಮಾತಿಗೆ ನಮ್ಮ ಹಿರಿಯರ ಕಾಲದಲ್ಲಿ ಎರಡು ಅರ್ಥಗಳು ಮುಖ್ಯವಾಗಿದ್ದವು. ಒಂದು ನಾಟಕದ ಪರದೆ, ಇನ್ನೊಂದು ಸಿನಿಮಾದ ಪರದೆ. ಜಾತ್ರೆ ಕೂಡಿದಾಗಲೋ ಪೇಟೆಗೆ ಹೋದಾಗಲೋ ಅವು ಕಣ್ಣಿಗೆ ಬೀಳುತ್ತಿದ್ದವು. ಆಟ ಮುಗಿದೊಡನೆ ಪರದೆ ಇಳಿಯುತ್ತಿತ್ತು, ಜನ ಎದ್ದು ಮನೆಯ ದಾರಿ ಹಿಡಿಯುತ್ತಿದ್ದರು. ಇಂದಿನ ಪರದೆ ಅಂಗಿಯ ಕಿಸೆಯಲ್ಲಿದೆ. ಅದು ತಾನಾಗಿ ಇಳಿಯುವುದಿಲ್ಲ, ನೋಡುವವನೇ ಇಳಿಸಬೇಕು. ಇಳಿಸುವುದು ಹೇಗೆ ಎಂಬ ಪ್ರಶ್ನೆ ಎಲ್ಲರಿಗೂ ಇದೆಯಾದರೂ, ಸ್ವಂತ ಕೈಚಳಕದಿಂದಲೇ ಅನ್ನ ಗಳಿಸುವ ಕಲಾವಿದನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿದೆ. ಆದ್ದರಿಂದ ಅವನ ನೆಪದಲ್ಲಿ ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ಸ್ವತಂತ್ರ ಕಲಾವಿದ ಎಂದೊಡನೆ ಮುಂಬಯಿಯಲ್ಲಿ ಚಿತ್ರಪ್ರದರ್ಶನ ಏರ್ಪಡಿಸುವವನೇ ಆಗಬೇಕೆಂದಿಲ್ಲ. ಅಂಗಡಿಯ ಫಲಕದ ಮೇಲೆ ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ ಬರೆಯುವ ನಮ್ಮ ಗಡಿಭಾಗದ ಪೇಂಟರ ಕಲಾವಿದನೇ. ಚೌತಿಗೆ ಗಣಪತಿ ಮಾಡುವವರು, ಕಂಬಳಿ ನೇಯುವವರು, ಮದುವೆಯ ಕುಪ್ಪಸಕ್ಕೆ ಆರಿ ಕೆಲಸ ಮಾಡುವ ಹೆಣ್ಣುಮಕ್ಕಳು, ಮದುಮಗಳ ಕೈಗೆ ಮೆಹಂದಿ ಬಿಡಿಸುವವರು, ಲಗ್ನದ ಫೋಟೋ ತೆಗೆಯುವವರು ಎಲ್ಲರೂ ಇದೇ ವರ್ಗಕ್ಕೆ ಸೇರಿದವರು. ಇವರಿಗೆ ಹಾಜರಿ ಪುಸ್ತಕವಿಲ್ಲ, ಗಂಟೆ ಬಾರಿಸುವ ಸಿಪಾಯಿಯಿಲ್ಲ, ಒಂದನೆಯ ತಾರೀಖಿಗೆ ಪಗಾರವಿಲ್ಲ. ನೌಕರಿಯವನು ಅರ್ಧ ತಾಸು ಫೋನು ನೋಡಿದರೆ ಅವನ ಮೇಲಧಿಕಾರಿ ಸಿಟ್ಟಾಗಬಹುದು. ಸ್ವಂತ ಉದ್ಯೋಗದವನು ನೋಡಿದರೆ ಅಷ್ಟು ಕೆಲಸ ಅಲ್ಲಿಗೇ ನಿಂತಿತು. ಅದರ ನಷ್ಟ ಅವನದೇ.

ಹಾಗಾದರೆ ಫೋನನ್ನೇ ದೂರ ಇಡಬಾರದೇ ಎಂದು ಕೇಳಬಹುದು. ಅದು ಸಾಧ್ಯವಿಲ್ಲ. ಫಲಕ ಬರೆಯುವವರ ಕಥೆಯನ್ನೇ ನೋಡಿರಿ. ಎರಡು ಸಾವಿರದ ಇಸವಿಯ ತರುವಾಯ ಫ್ಲೆಕ್ಸ್ ಮುದ್ರಣ ಊರೂರಿಗೆ ಹರಡಿತು. ಕುಂಚದಿಂದ ಎರಡು ದಿನ ಹಿಡಿಯುವ ಫಲಕ ಯಂತ್ರದಿಂದ ಕೆಲವು ನಿಮಿಷಗಳಲ್ಲಿ ಹೊರಬೀಳತೊಡಗಿತು. ಎಷ್ಟೋ ಪೇಂಟರರು ಕುಂಚ ತೊಳೆದಿಟ್ಟು ಗೋಡೆಗೆ ಬಣ್ಣ ಹಚ್ಚುವ ಕೆಲಸಕ್ಕೆ, ಹೊಲದ ಕೆಲಸಕ್ಕೆ ಹೋದರು. ಕೆಲವರು ಗಣಕಯಂತ್ರದ ಮುಂದೆ ಕುಳಿತು ಕೋರೆಲ್‌ಡ್ರಾ, ಫೋಟೋಶಾಪ್ ಕಲಿತು ತಮ್ಮ ಅಕ್ಷರಜ್ಞಾನವನ್ನು ಅಲ್ಲಿಯೂ ದುಡಿಸಿದರು. ಇಂದು ಗಿರಾಕಿ ಕೆಲಸ ಹೇಳುವುದು ವಾಟ್ಸ್ಆ್ಯಪ್‌ನಲ್ಲಿ, ನಮೂನೆ ಕಳಿಸುವುದು ಅಲ್ಲಿಯೇ, ಹಣ ಬರುವುದೂ ಫೋನಿನಲ್ಲಿಯೇ. ಗಣೇಶ ಮಂಡಳದವರು ಕೇಳಿದ್ದಕ್ಕೆ ಸಂಜೆಯವರೆಗೆ ಉತ್ತರ ಹೋಗದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಫೋನು ಬಿಟ್ಟರೆ ಗಿರಾಕಿ ಇಲ್ಲ, ಫೋನೇ ಹಿಡಿದು ಕುಳಿತರೆ ಕೆಲಸ ಇಲ್ಲ. ಕಲಾವಿದನ ಇಕ್ಕಟ್ಟು ಇದು.

ಈ ಇಕ್ಕಟ್ಟಿನಿಂದ ಹೊರಬರಲು ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಬೇಕು. ಪರದೆಯ ಮುಂದೆ ಕಳೆಯುವ ಹೊತ್ತೆಲ್ಲ ಒಂದೇ ಜಾತಿಯದಲ್ಲ. ಒಂದನೆಯದು ಕೆಲಸದ ಹೊತ್ತು: ಗಣಕಯಂತ್ರದಲ್ಲಿ ವಿನ್ಯಾಸ ಮಾಡುವುದು, ಫೋಟೋ ತಿದ್ದುವುದು. ಇದು ಕುಂಚ ಹಿಡಿದಷ್ಟೇ ಯೋಗ್ಯವಾದ ದುಡಿಮೆ. ಎರಡನೆಯದು ವ್ಯವಹಾರದ ಹೊತ್ತು: ದರ ಹೇಳುವುದು, ವಿಳಾಸ ಕೇಳುವುದು, ಹಣದ ಲೆಕ್ಕ ನೋಡುವುದು. ಇದು ಬೇಕು, ಆದರೆ ದಿನವಿಡೀ ಬೇಡ. ಮೂರನೆಯದು ಸುಮ್ಮನೆ ಹರಿದು ಹೋಗುವ ಹೊತ್ತು. ವ್ಯವಹಾರಕ್ಕೆಂದು ಫೋನು ತೆರೆದವನು ಯಾರದೋ ನೃತ್ಯ, ಯಾವುದೋ ಊರಿನ ಜಗಳ ನೋಡುತ್ತ ಕುಳಿತುಬಿಡುತ್ತಾನೆ. ಎರಡನೆಯದರ ಬಾಗಿಲಿನಿಂದಲೇ ಮೂರನೆಯದು ಒಳಗೆ ಬರುವುದರಿಂದ ಅದು ಗೊತ್ತಾಗುವುದಿಲ್ಲ.

ಗೊತ್ತಾಗಬೇಕಾದರೆ ಲೆಕ್ಕ ಹಾಕಬೇಕು. ಒಬ್ಬ ಕಲಾವಿದ ದಿನಕ್ಕೆ 30 ಸಲ ಫೋನು ಎತ್ತಿಕೊಳ್ಳುತ್ತಾನೆ, ಪ್ರತಿ ಸಲ 4 ನಿಮಿಷ ನೋಡುತ್ತಾನೆ ಎಂದು ಇಟ್ಟುಕೊಳ್ಳೋಣ. ದಿನಕ್ಕೆ 120 ನಿಮಿಷ, ಅಂದರೆ 2 ಗಂಟೆ ಆಯಿತು. ವರ್ಷದಲ್ಲಿ 300 ದಿನ ದುಡಿದರೆ 600 ಗಂಟೆ. ದಿನಕ್ಕೆ 8 ಗಂಟೆಯ ಕೆಲಸವೆಂದು ಹಿಡಿದರೆ 75 ದಿನಗಳು! ನಾಲ್ಕು ನಾಲ್ಕು ನಿಮಿಷ ಎಂದುಕೊಂಡದ್ದು ಎರಡೂವರೆ ತಿಂಗಳ ದುಡಿಮೆಯನ್ನು ನುಂಗಿತು. ಇದರಲ್ಲಿ ಅರ್ಧ ವ್ಯವಹಾರಕ್ಕೆ ಬೇಕಾದದ್ದೆಂದು ಬಿಟ್ಟರೂ ಇನ್ನರ್ಧ ಸುಮ್ಮನೆ ಹೋಯಿತು. ಇದಲ್ಲದೆ ಒಮ್ಮೆ ಚದುರಿದ ಮನಸ್ಸು ಮತ್ತೆ ಚಿತ್ರದೊಳಗೆ ಇಳಿಯಲು ಹಿಡಿಯುವ ಹೊತ್ತು ಈ ಲೆಕ್ಕದಲ್ಲಿ ಬಂದಿಲ್ಲ. ಬಣ್ಣ ಒಣಗುವ ಮೊದಲು ಗೆರೆ ಎಳೆಯಬೇಕಾದವನಿಗೆ ಆ ನಷ್ಟದ ಬೆಲೆ ಚೆನ್ನಾಗಿ ಗೊತ್ತು.

ಫೋನು ಕೈ ಬಿಡದಿರುವುದಕ್ಕೆ ಮನುಷ್ಯನ ಸೋಮಾರಿತನವೊಂದೇ ಕಾರಣವಲ್ಲ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ (1904–1990) ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಕೊಕ್ಕಿನಿಂದ ಒಂದು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಪೆಟ್ಟಿಗೆ ಮಾಡಿಸಿದ್ದರು. ಪ್ರತಿ ಸಲವೂ ಕಾಳು ಪಡೆದು ರೂಢಿಯಾದ ಪಾರಿವಾಳ, ಕಾಳು ನಿಂತಾಗ ಬೇಗನೆ ಕುಕ್ಕುವುದನ್ನು ಬಿಟ್ಟಿತು. ಯಾವಾಗ ಬೀಳುವುದೋ ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಕಾಳು ಪಡೆದ ಪಾರಿವಾಳವೋ ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಫೋನಿನ ಮೇಲೆ ಬೆರಳು ಸರಿಸುವ ನಾವೂ ಹಾಗೆಯೇ. ಹತ್ತು ವಿಡಿಯೋ ನೀರಸವಾಗಿದ್ದರೆ ಹನ್ನೊಂದನೆಯದು ಚೆನ್ನಾಗಿರುತ್ತದೆ. ಆ ಒಂದರ ಆಸೆಗೆ ಮತ್ತೆ ಹತ್ತು ನೋಡುತ್ತೇವೆ. ಅಲ್ಲದೆ ಪುಸ್ತಕಕ್ಕೆ ಕೊನೆಯ ಪುಟವಿದೆ, ವಾರದ ಸಂತೆ ಸಂಜೆಗೆ ಮುಗಿಯುತ್ತದೆ. ಈ ಸಂತೆಗೆ ಸಂಜೆಯೇ ಇಲ್ಲದಂತೆ ಅದನ್ನು ರಚಿಸಿದ್ದಾರೆ. ಇಂಥದರ ಎದುರಿಗೆ ಬರೀ ಮನೋನಿಗ್ರಹವನ್ನು ನಂಬಿದರೆ ಸಾಲದು. ವೇಳಾಪತ್ರಿಕೆ ಬೇಕು.

ಕೈಯ ಕೆಲಸಕ್ಕೆ ಅಖಂಡವಾದ ಹೊತ್ತು ಏಕೆ ಬೇಕೆಂಬುದಕ್ಕೆ ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಉತ್ತಮ ನಿದರ್ಶನವಿದೆ. ಮಿರಜದ ಸಿತಾರ, ತಂಬೂರಿಗಳು ದೇಶದಲ್ಲೆಲ್ಲ ಹೆಸರಾದವು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಇಳಿದರು. ಅವರಲ್ಲಿ ಫರೀದಸಾಹೇಬರ ಹೆಸರು ಪ್ರಸಿದ್ಧವಾಗಿದೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು (1872–1937) ನೆಲೆಸಿದ್ದ ಊರೂ ಅದೇ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಒಣಗಿದ ಕುಂಬಳ ಬುರುಡೆಗೆ ಕಟ್ಟಿಗೆಯ ದಂಡಿ ಜೋಡಿಸಿ, ಕೆತ್ತಿ, ಮೆರುಗು ಕೊಟ್ಟಾದ ಮೇಲೆ ಕೊನೆಗೆ ಬರುವ ಕೆಲಸಕ್ಕೆ 'ಜವಾರಿ' ಎನ್ನುತ್ತಾರೆ. ತಂತಿ ಕುಳಿತುಕೊಳ್ಳುವ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿ ಮೀಟಿ ಕೇಳುವುದು, ಮತ್ತೆ ಉಜ್ಜುವುದು. ತುಸು ಹೆಚ್ಚಾದರೆ ನಾದ ಕೆಟ್ಟಿತು. ಇದರಲ್ಲಿ ಕೈಯೂ ಕಿವಿಯೂ ಒಂದಾಗಬೇಕು. ನಡುವೆ ನಾಲ್ಕು ಸಲ ಫೋನು ಗುಣುಗಿದರೆ ಒಂದಾಗುವ ಬಗೆ ಹೇಗೆ? ಆದರೆ ವಾದ್ಯ ಸಿದ್ಧವಾದ ಮೇಲೆ ದೂರದ ಊರಿನ ಗಿರಾಕಿಗೆ ಅದರ ಚಿತ್ರವನ್ನೂ ನಾದವನ್ನೂ ಕಳಿಸಲು ಅದೇ ಫೋನು ಒಳ್ಳೆಯ ಸೇವಕ. ಕೆಲಸ ಮೊದಲು, ಪರದೆ ಆಮೇಲೆ ಎಂಬುದು ಇದರಿಂದ ತಿಳಿಯುವ ಕ್ರಮ.

ಪರದೆಯನ್ನು ಆಳಿದ ಕಲಾವಿದರೊಬ್ಬರು ನಮ್ಮ ನೆರೆಯ ಕೊಲ್ಹಾಪುರದಲ್ಲಿಯೇ ಆಗಿಹೋದರು. ಬಾಬುರಾವ್ ಪೇಂಟರ್ (1890–1954) ಮೊದಲು ನಾಟಕ ಕಂಪನಿಗಳ ಪರದೆಗಳನ್ನು ಬರೆಯುತ್ತಿದ್ದರು. ಚಲನಚಿತ್ರದ ಹುಚ್ಚು ಹತ್ತಿದಾಗ ತಾವೇ ಕ್ಯಾಮೆರಾ ಕಟ್ಟಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಸ್ಥಾಪಿಸಿ, 1920ರಲ್ಲಿ 'ಸೈರಂಧ್ರಿ' ಚಿತ್ರವನ್ನು ತೆರೆಗೆ ತಂದರು. ದೃಶ್ಯಗಳನ್ನೂ ಉಡುಪುಗಳನ್ನೂ ಅವರು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು, ಕ್ಯಾಮೆರಾ ಅನಂತರ. ನಮ್ಮ ಕಲಬುರ್ಗಿಯಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಭಿತ್ತಿಚಿತ್ರಗಳನ್ನೂ ಕ್ಯಾಲೆಂಡರಿನ ದೇವಾನುದೇವತೆಗಳನ್ನೂ ಬರೆದು ಮನೆಮನೆಯ ಗೋಡೆಗೆ ತಲುಪಿದರು. ಇವರಿಬ್ಬರಿಗೂ ಪರದೆ ಹಗೆಯಾಗಿರಲಿಲ್ಲ. ಪರದೆಗೆ ಕೊಡಲು ಅವರ ಕೈಯಲ್ಲಿ ಏನಾದರೂ ಇತ್ತು ಎಂಬುದೇ ಮುಖ್ಯ.

ವಿದ್ಯಾರ್ಥಿಗಳೇ, ಇನ್ನು ನಿಮ್ಮ ವಿಷಯಕ್ಕೆ ಬರೋಣ. ನಮ್ಮ ರಾಜ್ಯ ಸರಕಾರ ನಡೆಸುವ ಎಲಿಮೆಂಟರಿ ಹಾಗೂ ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ನಿಮ್ಮಲ್ಲಿ ಹಲವರು ಕೂಡುತ್ತೀರಿ. ಅದರಲ್ಲಿ ಸ್ಮರಣಚಿತ್ರ ಎಂಬ ವಿಷಯವಿದೆ. ಎದುರಿಗೆ ವಸ್ತುವಿಲ್ಲ, ನೋಡಿ ತೆಗೆಯಲು ಫೋನೂ ಇಲ್ಲ. ನೆನಪಿನಿಂದಲೇ ಜಾತ್ರೆಯನ್ನೋ ಸಂತೆಯನ್ನೋ ಬರೆಯಬೇಕು. ನೆನಪಿನಲ್ಲಿ ಏನೂ ಇಲ್ಲದಿದ್ದರೆ ಬರೆಯುವುದೇನನ್ನು? ಮಾಡಗ್ಯಾಳದ ಕುರಿಯ ಗಿಳಿಮೂಗು, ಜೋತುಬಿದ್ದ ಕಿವಿ, ಬಿಳಿಯ ಮೈಮೇಲಿನ ಕಂದು ಮಚ್ಚೆ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ಬಳೆಗಾರನ ಮುಂದೆ ಕುಳಿತವರ ಭಂಗಿ. ಬೆಂದೂರಿಗೆ ಕೊಂಬು ಬಣ್ಣ ಬಳಿಸಿಕೊಂಡ ಎತ್ತಿನ ಕುತ್ತಿಗೆಯ ಮಡಿಕೆ. ಇವನ್ನು ಕಣ್ಣಿಟ್ಟು ನೋಡಿದವನ ಕೈಗೆ ಮಾತ್ರ ಇವು ಬರುತ್ತವೆ. ಬೇರೆಯವರು ತೆಗೆದ ಸಾವಿರ ಚಿತ್ರಗಳನ್ನು ಬೆರಳಿನಿಂದ ಸರಿಸಿದವನಿಗೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಪರದೆಯಿಂದ ಕಲಿಯಬಾರದೆಂದಲ್ಲ. ಪೇಟೆ ದೂರವಿರುವ ಹಳ್ಳಿಯ ಹುಡುಗಿ ಆರಿ ಸೂಜಿ ಹಿಡಿಯುವುದನ್ನು ವಿಡಿಯೋ ನೋಡಿ ಕಲಿಯಬಲ್ಲಳು. ಆದರೆ ಒಂದು ಹೊಲಿಗೆಯ ವಿಡಿಯೋ ನೋಡಿದ ಮೇಲೆ, ಆ ಹೊಲಿಗೆ ಬಟ್ಟೆಯ ಮೇಲೆ ಬರುವ ತನಕ ಎರಡನೆಯ ವಿಡಿಯೋ ತೆರೆಯಬಾರದು. ಹತ್ತು ನೋಡಿ ಒಂದೂ ಹಾಕದವಳಿಗೆ ಬಂತೆಂಬ ಭ್ರಮೆ ಬರುತ್ತದೆ, ಕಸುಬು ಬರುವುದಿಲ್ಲ.

ಇನ್ನು ಕೆಲವು ರೂಢಿಗಳು. ಬೆಳಗಿನ ಮೊದಲ ಎರಡು ತಾಸು ಕೈಕೆಲಸಕ್ಕೇ ಮೀಸಲಿರಲಿ. ಆಗ ಫೋನು ಬೇರೆ ಕೋಣೆಯಲ್ಲಿರಲಿ. ವ್ಯವಹಾರಕ್ಕೆ ದಿನದಲ್ಲಿ ಎರಡು ಇಲ್ಲವೆ ಮೂರು ವೇಳೆ ಗೊತ್ತುಮಾಡಿ ಗಿರಾಕಿಗಳಿಗೂ ತಿಳಿಸಬೇಕು. ಅಂಗಡಿ ತೆರೆಯುವ ವೇಳೆ ತಿಳಿದಿದ್ದರೆ ಗಿರಾಕಿ ಆ ವೇಳೆಗೆ ಬರುತ್ತಾನೆ. ಅವಸರದ ಕೆಲಸಕ್ಕೆ ಕರೆ ಮಾಡಿರೆಂದು ಹೇಳಿದರೆ ಸಾಕು. ಗಣಕಯಂತ್ರದಲ್ಲಿಯೇ ವಿನ್ಯಾಸ ಮಾಡುವವರು ಕೂಡ ಮೊದಲ ನಕ್ಷೆಯನ್ನು ಪೆನ್ಸಿಲ್ಲಿನಿಂದ ಕಾಗದದ ಮೇಲೆ ಹಾಕಿಕೊಂಡರೆ ಹೊತ್ತೂ ಉಳಿಯುತ್ತದೆ, ಕೈಯೂ ಮರೆಯುವುದಿಲ್ಲ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಹೇಳುತ್ತಾರೆ. ಮಲಗುವ ಮುನ್ನ ಪರದೆಯ ಬೆಳಕು ನಿದ್ರೆಯನ್ನು ಹಿಂದೂಡುತ್ತದೆ. ನಿದ್ರೆಗೆಟ್ಟವನ ಗೆರೆ ನೆಟ್ಟಗಿರುವುದಿಲ್ಲ.

ಪಾಲಕರಲ್ಲಿ ಎರಡು ಮಾತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಕಷ್ಟಪಟ್ಟು ಫೋನು ಕೊಂಡು ಮಕ್ಕಳ ಕೈಗೆ ಕೊಟ್ಟರು. ಅಂದು ಕೊಟ್ಟದ್ದು ತಪ್ಪಲ್ಲ; ಇಂದು ಅದಕ್ಕೆ ಹೊತ್ತುಗೊತ್ತು ಬೇಕು. 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ 2 ಗಂಟೆ ಮೀರಬಾರದೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸೂಚಿಸಿದೆ. ಪ್ರೌಢಶಾಲೆಯ ವಯಸ್ಸಿನವರಿಗೆ ನಿದ್ರೆ, ಆಟ, ಓದು, ಮನೆಮಂದಿಯ ಮಾತುಕತೆ ಇವುಗಳಿಗೆ ಕೊರತೆ ಬರದಂತೆ ಪರದೆಯ ಹೊತ್ತನ್ನು ಹೊಂದಿಸಬೇಕು. ಊಟದ ಹೊತ್ತಿನಲ್ಲಿ ಹಿರಿಯರ ಫೋನೂ ಗೂಡಿನಲ್ಲಿರಲಿ. ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತಾರೆ.

'ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಸರ್?' ಎಂದು ಕೆಲವು ಪಾಲಕರು ಕೇಳುತ್ತಾರೆ. ಎಲ್ಲರಿಗೂ ತುಂಬುತ್ತದೆಂದು ನಾನು ಹೇಳಲಾರೆ. ಮಳೆಯನ್ನೇ ನಂಬಿದ ನಮ್ಮ ತಾಲೂಕಿನಲ್ಲಿ ಯಾವ ಬೆಳೆಯೂ ಖಂಡಿತವಲ್ಲ. ಆದರೆ ಕೈಗೆತ್ತಿಕೊಂಡ ಒಂದು ಕೆಲಸವನ್ನು ಎರಡು ತಾಸು ಕದಲದೆ ಕುಳಿತು ಮುಗಿಸಬಲ್ಲ ಹುಡುಗ ಮುಂದೆ ಪೇಂಟರನಾಗಲಿ, ಶಿಕ್ಷಕನಾಗಲಿ, ಒಕ್ಕಲುತನ ಮಾಡಲಿ, ತನ್ನ ಅನ್ನವನ್ನು ತಾನು ದುಡಿದುಕೊಳ್ಳುತ್ತಾನೆ. ಆ ಗುಣ ಬೆಳೆಯುವ ವಯಸ್ಸು ಇದು.

ಶಾಲೆಯಲ್ಲಿರುವವರೆಗೆ ನಿಮಗಾಗಿ ಸಿಪಾಯಿ ಗಂಟೆ ಬಾರಿಸುತ್ತಾನೆ. ಹೊರಗೆ ಹೋದ ಮೇಲೆ ನಿಮ್ಮ ಗಂಟೆಯನ್ನು ನೀವೇ ಬಾರಿಸಿಕೊಳ್ಳಬೇಕು. ಈ ದೀಪಾವಳಿಯ ರಜೆಯಲ್ಲಿಯೇ ಅಭ್ಯಾಸ ಆರಂಭಿಸಿರಿ. ಒಂದು ಮುಂಜಾನೆ ಫೋನನ್ನು ಗೂಡಿನಲ್ಲಿಟ್ಟು, ಮಾಡಗ್ಯಾಳದ ಒಂದು ಕುರಿಯನ್ನು ನೆನಪಿನಿಂದ ಬರೆಯಿರಿ. ಆಮೇಲೆ ಚಿತ್ರವನ್ನು ಹಿಡಿದುಕೊಂಡು ಹಟ್ಟಿಗೆ ಹೋಗಿ, ಮೂಗು ಎಲ್ಲಿ ತಪ್ಪಿತು, ಕಿವಿ ಎಲ್ಲಿ ತಪ್ಪಿತು ಎಂದು ಕುರಿಯನ್ನೇ ನೋಡಿ ತಿದ್ದಿರಿ. ಮುಂದಿನ ಸಂಚಿಕೆಯ ಮುಖಪುಟಕ್ಕೆ ಅಂಥದೊಂದು ಚಿತ್ರ ನಿಮ್ಮಲ್ಲೊಬ್ಬರ ಕೈಯಿಂದ ಬರಲಿ ಎಂದು ಹಾರೈಸುತ್ತೇನೆ.