ಬಾಡುವ ಹೂವು, ಹಾರುವ ಆಸನ

ಸಂಜೆಯಾಗುತ್ತಿದ್ದಂತೆ ಮಾರುಕಟ್ಟೆಯಲ್ಲಿ ಮಲ್ಲಿಗೆಯ ದರ ಇಳಿಯುತ್ತದೆ. ರಾತ್ರಿ ಕಳೆದರೆ ಹೂವು ಬಾಡುತ್ತದೆ ಎಂಬುದು ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ವಿಮಾನದ ಆಸನವೂ ಇಂಥದೇ ಸರಕು. ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಆಸನಕ್ಕೆ ಬಿಡಿಗಾಸಿನ ಬೆಲೆಯೂ ಇಲ್ಲ. ಆದರೂ ಕೊನೆಯ ಗಳಿಗೆಯಲ್ಲಿ ಟಿಕೆಟ್ ಸಾಮಾನ್ಯವಾಗಿ ದುಬಾರಿಯಾಗುತ್ತದೆಯೇ ಹೊರತು ಅಗ್ಗವಾಗುವುದಿಲ್ಲ. ಇದೇಕೆ ಹೀಗೆ?

ತಡವಾಗಿ ಬರುವ ಪ್ರಯಾಣಿಕರಿಗೆ ಹೋಗಲೇಬೇಕಾದ ಅನಿವಾರ್ಯವಿರುತ್ತದೆ. ವ್ಯಾಪಾರದ ಮಾತುಕತೆ ಇರಬಹುದು, ಊರಿನಲ್ಲಿ ಸಾವು-ನೋವು ಸಂಭವಿಸಿರಬಹುದು. ಅವರು ಹೆಚ್ಚು ಕೊಡುತ್ತಾರೆ. ಪ್ರವಾಸಿಗಳಾದರೆ ತಿಂಗಳುಗಟ್ಟಲೆ ಮೊದಲೇ ದರ ನೋಡಿ ಕೊಳ್ಳುತ್ತಾರೆ. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಈ ಭೇದವನ್ನು ಕಂಪ್ಯೂಟರಿನ ಲೆಕ್ಕಕ್ಕೆ ಅಳವಡಿಸಿತು. ಕೆಲವು ಆಸನಗಳನ್ನು ಮಾತ್ರ ಅಗ್ಗಕ್ಕೆ ಬಿಟ್ಟು, ಉಳಿದವನ್ನು ತಡವಾಗಿ ಬರುವವರಿಗೆ ಕಾದಿರಿಸಿತು. ಅಗ್ಗದ ದರವನ್ನೇ ನಂಬಿದ್ದ ಪೀಪಲ್ ಎಕ್ಸ್‌ಪ್ರೆಸ್ ಸಂಸ್ಥೆ ಈ ಪೈಪೋಟಿಯಲ್ಲಿ ತತ್ತರಿಸಿ 1987ರಲ್ಲಿ ಕಣ್ಮರೆಯಾಯಿತು.

ಈ ಕಸರತ್ತಿಗೆ ಮೂಲ ಕಾರಣ ಖರ್ಚಿನ ಸ್ವರೂಪ. ಹತ್ತು ಜನರಿರಲಿ, ನೂರು ಜನರಿರಲಿ, ವಿಮಾನದ ಬಾಡಿಗೆ, ಪೈಲಟ್‌ಗಳ ಸಂಬಳ, ನಿಲ್ದಾಣದ ಶುಲ್ಕ ಬದಲಾಗುವುದಿಲ್ಲ. ಇಂಧನದ ಖರ್ಚೂ ಬಹುಮಟ್ಟಿಗೆ ಅಷ್ಟೇ. ಹೀಗಾಗಿ ಮೊದಲು ಹತ್ತಿದವರ ಹಣ ಖರ್ಚಿಗೆ ಸರಿಹೋಗುತ್ತದೆ. ಲಾಭ ತರುವವರು ಕೊನೆಯ ಕೆಲವೇ ಮಂದಿ.

ಆಸನ ತುಂಬಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಹಲವು ಊರುಗಳ ಪ್ರಯಾಣಿಕರನ್ನು ಒಂದು ಕೇಂದ್ರಕ್ಕೆ ತಂದು ಅಲ್ಲಿಂದ ಹಂಚುವುದು. ದುಬೈಯನ್ನು ಕೇಂದ್ರವಾಗಿಸಿಕೊಂಡ ಎಮಿರೇಟ್ಸ್ ಇದಕ್ಕೆ ಉದಾಹರಣೆ. ಇನ್ನೊಂದು, ನೇರ ಹಾರಾಟ ಮತ್ತು ಮಿತವ್ಯಯ. 1971ರಲ್ಲಿ ಟೆಕ್ಸಾಸ್‌ನ ಮೂರು ನಗರಗಳ ನಡುವೆ ಆರಂಭವಾದ ಸೌತ್‌ವೆಸ್ಟ್ ಈ ದಾರಿಯ ಹಿರಿಯಣ್ಣ. ಮರುವರ್ಷ ಹಣದ ಮುಗ್ಗಟ್ಟಿನಿಂದ ಅದು ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ವೇಳಾಪಟ್ಟಿಯನ್ನು ಕಡಿತಗೊಳಿಸಲಿಲ್ಲ. ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸಲು ಸಿಬ್ಬಂದಿ ಕಲಿತರು. ನೆಲದ ಮೇಲೆ ನಿಂತ ವಿಮಾನ ಸಂಪಾದಿಸುವುದಿಲ್ಲ ಎಂಬ ಪಾಠ ಅಲ್ಲಿಂದ ಜಗತ್ತಿಗೆ ಹರಡಿತು. 1973ರಿಂದ 2019ರವರೆಗೆ ಆ ಸಂಸ್ಥೆ ಒಂದು ವರ್ಷವೂ ನಷ್ಟ ಕಾಣಲಿಲ್ಲ.

ಭಾರತದಲ್ಲಿ 1953ರಲ್ಲಿ ರಾಷ್ಟ್ರೀಕರಣಗೊಂಡ ವಿಮಾನಯಾನದ ಸರ್ಕಾರಿ ಏಕಸ್ವಾಮ್ಯಕ್ಕೆ 1994ರಲ್ಲಿ ಕಾನೂನಿನ ಮೂಲಕವೇ ತೆರೆಬಿತ್ತು. ಆದರೂ ವಿಮಾನ ಉಳ್ಳವರ ವಾಹನವಾಗಿಯೇ ಉಳಿದಿತ್ತು. ಸೇನೆ ಬಿಟ್ಟು ಹಾಸನ ಜಿಲ್ಲೆಯಲ್ಲಿ ಕೃಷಿ ಮಾಡಿದ್ದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ 48 ಆಸನಗಳ ಎಟಿಆರ್ ವಿಮಾನಗಳೊಂದಿಗೆ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದರು. ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಅದರ ಗುರುತು. ಪುಕ್ಕಟೆ ಊಟವಿಲ್ಲ, ಆದರೆ ಕೆಲವು ಆಸನಗಳಿಗೆ ಒಂದು ರೂಪಾಯಿ ದರ! ಹುಬ್ಬಳ್ಳಿಯಂಥ ಊರುಗಳಲ್ಲಿ ಎಷ್ಟೋ ಜನ ಮೊದಲ ಬಾರಿಗೆ ವಿಮಾನ ಹತ್ತಿದರು.

ಆದರೆ ದರ ಇಳಿಸುವುದು ಸುಲಭ, ಖರ್ಚು ಇಳಿಸುವುದು ಕಷ್ಟ. ವಿಮಾನದ ಬಾಡಿಗೆ ಡಾಲರ್‌ನಲ್ಲಿ, ಟಿಕೆಟಿನ ಆದಾಯ ರೂಪಾಯಿಯಲ್ಲಿ. ಇಂಧನದ ಮೇಲೆ ರಾಜ್ಯಗಳ ಮಾರಾಟ ತೆರಿಗೆ ಬೇರೆ. ನಷ್ಟದಲ್ಲಿದ್ದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನೊಂದಿಗೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ಹಾರಾಟ ನಿಲ್ಲಿಸಿತು. ಅದೇ ಅವಧಿಯಲ್ಲಿ ಬೆಳೆದ ಇಂಡಿಗೋ ಬೇರೆ ಲೆಕ್ಕ ಹಾಕಿತ್ತು. 2005ರಲ್ಲಿ ಒಟ್ಟಿಗೆ ನೂರು ಏರ್‌ಬಸ್‌ಗಳಿಗೆ ಬೇಡಿಕೆ ಸಲ್ಲಿಸಿ, 2006ರಲ್ಲಿ ಸೇವೆ ಆರಂಭಿಸಿತು. ಸಗಟು ಬೆಲೆಗೆ ಕೊಂಡ ವಿಮಾನಗಳನ್ನು ಬೇರೊಂದು ಕಂಪನಿಗೆ ಮಾರಿ, ಅವನ್ನೇ ಬಾಡಿಗೆಗೆ ಪಡೆಯುವುದು ಅದರ ಜಾಣ್ಮೆ.

ಹಾಗಾದರೆ ಸಣ್ಣ ಊರುಗಳ ಗತಿಯೇನು? 2017ರಲ್ಲಿ ಹಾರಾಟ ಆರಂಭಿಸಿದ ‘ಉಡಾನ್’ ಯೋಜನೆ, ಅಂಥ ಮಾರ್ಗಗಳ ನಷ್ಟವನ್ನು ಸಾಮಾನ್ಯವಾಗಿ ಮೂರು ವರ್ಷ ತುಂಬಿಕೊಡುವ ಏರ್ಪಾಡು. 2019ರ ನವೆಂಬರ್‌ನಲ್ಲಿ ಕಲಬುರಗಿಗೂ ವಿಮಾನ ಬಂತು. ನೆರವಿನ ಅವಧಿ ಮುಗಿದ ಬಳಿಕ ಮಾರ್ಗ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ರೈಲು ಬಂದ ಊರಿನಲ್ಲಿ ಹಳಿಯಾದರೂ ನೆಲದಲ್ಲಿ ಉಳಿಯುತ್ತದೆ. ವಿಮಾನಕ್ಕೆ ಅಂಥ ಬೇರಿಲ್ಲ. ಆಸನ ತುಂಬದಿದ್ದರೆ ಅದು ಇನ್ನೊಂದು ಊರಿನತ್ತ ಹಾರಿಬಿಡುತ್ತದೆ.