ತುಂಬಿದ ಮನೆಯಲ್ಲಿ ಬರಗಾಲ

ಜೀವಕೋಶವೆಂದರೆ ದ್ರವ ತುಂಬಿದ ಚೀಲವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಹಲವು ಕೋಣೆಗಳುಳ್ಳ ತೊಟ್ಟಿಮನೆಯಂತಿದೆ. ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯ, ಕೊಬ್ಬು ಹಾಗೂ ಪ್ರೋಟೀನುಗಳನ್ನು ಸಿದ್ಧಪಡಿಸುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲ, ಹೊರಗಿನಿಂದ ಬಂದುದನ್ನೂ ಸವೆದುದನ್ನೂ ಜೀರ್ಣಿಸುವ ಲೈಸೊಸೋಮ್, ಇವೆಲ್ಲಕ್ಕೂ ಪೊರೆಯೇ ಗೋಡೆ. ಆ ಪೊರೆಯಾದರೂ ಬಹುಮಟ್ಟಿಗೆ ಕೊಬ್ಬಿನಿಂದಲೇ ಆದುದು.

ಕೊಬ್ಬು ನೀರಿನಲ್ಲಿ ಕರಗದು. ಹಾಗಾದರೆ ಒಂದು ಕೋಣೆಯ ಕೊಬ್ಬು ಇನ್ನೊಂದನ್ನು ತಲುಪುವ ಬಗೆ ಯಾವುದು? ಪೊರೆಯ ಕಿರುಚೀಲಗಳಲ್ಲಿ ಸಾಗುವುದು ಒಂದು ದಾರಿ. ಈ ಸಾಗಣೆಯ ವ್ಯವಸ್ಥೆಯನ್ನು ವಿವರಿಸಿದ ಮೂವರು ವಿಜ್ಞಾನಿಗಳಿಗೆ 2013ರ ನೊಬೆಲ್ ಪ್ರಶಸ್ತಿ ಸಂದಿತು. ಇನ್ನೊಂದು ದಾರಿ ಇದಕ್ಕಿಂತಲೂ ನೇರವಾದುದು. ಎರಡು ಕಣದಂಗಗಳು ಒಂದರಲ್ಲೊಂದು ಬೆರೆಯದೆ, ಸುಮಾರು 10ರಿಂದ 30 ನ್ಯಾನೊಮೀಟರ್‌ಗಳಷ್ಟು ಸಮೀಪ ಬಂದು ನಿಲ್ಲುತ್ತವೆ. ಒಂದು ತಲೆಗೂದಲಿನ ದಪ್ಪದಲ್ಲಿ ಇಂತಹ ಸಾವಿರಾರು ಅಂತರಗಳು ಅಡಗಬಲ್ಲವು. ಅಲ್ಲಿರುವ ಪ್ರೋಟೀನುಗಳು, ದಾಸೋಹದ ಮನೆಯಲ್ಲಿ ರೊಟ್ಟಿಯ ಬುಟ್ಟಿ ಕೈಯಿಂದ ಕೈಗೆ ಸಾಗುವಂತೆ, ಕೊಬ್ಬಿನ ಅಣುಗಳನ್ನು ಆಚೆಯ ಪೊರೆಗೆ ದಾಟಿಸುತ್ತವೆ.

ಈ ಸರಪಳಿಯಲ್ಲಿ ಒಂದು ಕೈ ಇಲ್ಲವಾದರೆ ಏನಾಗುವುದೆಂಬುದನ್ನು ನೀಮನ್–ಪಿಕ್ ಸಿ ಎಂಬ ಅಪರೂಪದ ಕಾಯಿಲೆ ತೋರಿಸಿಕೊಡುತ್ತದೆ. ರಕ್ತದಿಂದ ಬಂದ ಕೊಲೆಸ್ಟರಾಲ್ ಮೊದಲು ಲೈಸೊಸೋಮನ್ನು ಸೇರುತ್ತದೆ. ಅದನ್ನು ಹೊರಗೆ ದಾಟಿಸಲು ಎನ್‌ಪಿಸಿ1 ಎಂಬ ಪ್ರೋಟೀನು ಬೇಕು. ಇದರ ಜೀನು 1997ರಲ್ಲಿ ಪತ್ತೆಯಾಯಿತು. ಆ ಜೀನು ಕೆಟ್ಟಿದ್ದರೆ ಕೊಲೆಸ್ಟರಾಲ್ ಲೈಸೊಸೋಮಿನಲ್ಲಿಯೇ ಸಿಕ್ಕಿಬೀಳುತ್ತದೆ. ಅದರ ಪ್ರಮಾಣವನ್ನು ಅಳೆಯುವ ವ್ಯವಸ್ಥೆಯಿರುವುದು ಮೇಲೆ ಹೇಳಿದ ಜಾಲದಲ್ಲಿ. ಜಾಲಕ್ಕೆ ಏನೂ ತಲುಪದ ಕಾರಣ ಕೋಶವು ಅಭಾವವೆಂದೇ ಬಗೆದು ಇನ್ನಷ್ಟು ಕೊಲೆಸ್ಟರಾಲನ್ನು ತಯಾರಿಸುತ್ತದೆ, ಇನ್ನಷ್ಟನ್ನು ರಕ್ತದಿಂದ ಸೆಳೆಯುತ್ತದೆ. ಕಣಜ ತುಂಬಿ ತುಳುಕುತ್ತಿದ್ದರೂ ಮನೆಯವರಿಗೆ ಬರಗಾಲ! ಸಾಮಾನ್ಯ ಕೊಲೆಸ್ಟರಾಲ್ ಪರೀಕ್ಷೆಯಿಂದ ಇದು ತಿಳಿಯದು, ಪಥ್ಯದಿಂದ ಗುಣವಾಗದು. ಕೊಲೆಸ್ಟರಾಲ್ ಎಂದೊಡನೆ ಶತ್ರುವೆಂದು ಬೆದರುವ ನಾವು, ಅದಿಲ್ಲದೆ ಪೊರೆಯೇ ನಿಲ್ಲದೆಂಬುದನ್ನು ಮರೆಯುತ್ತೇವೆ.

ಪೆಟ್ಟು ಹೆಚ್ಚಾಗಿ ಬೀಳುವುದು ಮೆದುಳಿಗೆ. ಕೆಲವು ಶಿಶುಗಳಲ್ಲಿ ಕಾಮಾಲೆ ಬಹುಕಾಲ ಉಳಿಯುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಮುಂದೆ ಚೆನ್ನಾಗಿ ಓಡಾಡುತ್ತಿದ್ದ ಮಗು ಎಡವತೊಡಗುತ್ತದೆ, ಮಾತು ತೊದಲುತ್ತದೆ, ಕಲಿತದ್ದು ಮರೆಯುತ್ತದೆ. ಕಣ್ಣನ್ನು ಥಟ್ಟನೆ ಮೇಲಕ್ಕೆ ಅಥವಾ ಕೆಳಕ್ಕೆ ಹೊರಳಿಸಲಾಗದಿರುವುದು ವಿಶಿಷ್ಟ ಲಕ್ಷಣ. ಮೆಟ್ಟಿಲಿಳಿಯಲು ಮಗು ತಡವರಿಸಬಹುದು. ನಗುವಾಗ ಸ್ನಾಯುಗಳು ಸಡಿಲಗೊಂಡು ಕುಸಿಯುವ ಮಕ್ಕಳೂ ಇದ್ದಾರೆ. ಇದನ್ನು ದೃಷ್ಟಿದೋಷವೆಂದೋ ಸೋಮಾರಿತನವೆಂದೋ ತಳ್ಳಿಹಾಕಿ ವರ್ಷಗಳನ್ನು ಕಳೆಯುವುದು ವಿಷಾದದ ಸಂಗತಿ.

ತಂದೆತಾಯಿಗಳಿಬ್ಬರಲ್ಲಿಯೂ ದೋಷವುಳ್ಳ ಜೀನಿನ ಒಂದೊಂದು ಪ್ರತಿಯಿದ್ದರೆ, ಅವರು ಆರೋಗ್ಯವಂತರಾಗಿಯೇ ಇದ್ದರೂ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಸಂಬಂಧವಿಲ್ಲದ ದಂಪತಿಗಳಲ್ಲಿಯೂ ಹೀಗಾಗುವುದುಂಟು; ಆದರೆ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ರೂಢಿಯಿರುವ ನಮ್ಮ ಸೀಮೆಯಲ್ಲಿ, ಒಂದೇ ದೋಷ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಆಸ್ತಿ ಹೊರಗೆ ಹೋಗದಿರಲೆಂಬ ಲೆಕ್ಕಾಚಾರಕ್ಕಿಂತ ಈ ಲೆಕ್ಕಾಚಾರ ದೊಡ್ಡದು.

ಕಾಯಿಲೆಯ ವೇಗವನ್ನು ತಗ್ಗಿಸಲು ಮಿಗ್ಲುಸ್ಟ್ಯಾಟ್ ಎಂಬ ಔಷಧಿಯುಂಟು. 2024ರಲ್ಲಿ ಅಮೆರಿಕವು ಇನ್ನೆರಡು ಔಷಧಿಗಳಿಗೆ ಅನುಮತಿಯಿತ್ತಿದೆ. ಸಂಪೂರ್ಣ ಗುಣಪಡಿಸುವಂಥದು ಇನ್ನೂ ಬಂದಿಲ್ಲ. ಭಾರತ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಹೆಸರಿಸಲಾದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಮೇಲಿನ ಲಕ್ಷಣಗಳು ಕಂಡಲ್ಲಿ ಮಕ್ಕಳ ನರರೋಗ ತಜ್ಞರನ್ನು ಕಾಣಬೇಕು. ದಂಪತಿಗಳದು ರಕ್ತಸಂಬಂಧವಾಗಿದ್ದರೆ ಅದನ್ನು ಸಂಕೋಚವಿಲ್ಲದೆ ತಿಳಿಸಬೇಕು. ಮೊದಲ ಮಗುವಿನಲ್ಲಿ ಜೀನಿನ ದೋಷ ಖಚಿತವಾಗಿದ್ದರೆ, ಮುಂದಿನ ಗರ್ಭದಲ್ಲಿ ಅದನ್ನು ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಲು ಸಾಧ್ಯವಿದೆ.