ಪ್ರಚಾರ ಸಭೆಗೆ ಬಾರದ ಮತದಾರ

ಪಕ್ಷಗಳ ಪ್ರಚಾರ ಸಭೆಯತ್ತ ತಲೆಹಾಕದೆ, ಮತದಾನದ ದಿನ ಮಾತ್ರ ತಪ್ಪದೆ ಮತಗಟ್ಟೆಗೆ ಹೋಗಿಬರುವ ಮತದಾರರು ಎಲ್ಲ ಊರುಗಳಲ್ಲೂ ಇದ್ದಾರೆ. ಟಿವಿ ತೋರಿಸುವ ಜನಸಾಗರದಲ್ಲಿ ಇವರು ಕಾಣುವುದಿಲ್ಲ. ಹಾಗಾಗಿ ಇವರಿಗೆ ರಾಜಕೀಯವೇ ಬೇಡ ಎಂಬ ಮಾತು ಬೇಗ ಹುಟ್ಟಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ 2023ರ ಚುನಾವಣೆಯ ಹೊತ್ತಿಗೆ 5 ಕೋಟಿಗೂ ಹೆಚ್ಚು ಮತದಾರರಿದ್ದರು. ಅಂದರೆ ಸರಾಸರಿ ಒಂದೊಂದು ಕ್ಷೇತ್ರಕ್ಕೆ 2 ಲಕ್ಷದ ಮೇಲೆ. ಅವರಲ್ಲಿ ನೂರಕ್ಕೆ 73 ಮಂದಿ ಮತ ಹಾಕಿದರು. ಒಂದು ದೊಡ್ಡ ಮೈದಾನದಲ್ಲಿ 50 ಸಾವಿರ ಜನ ಸೇರಿದರೂ, ಅವರೆಲ್ಲ ಒಂದೇ ಕ್ಷೇತ್ರದವರೇ ಆದರೂ, ಅಲ್ಲಿಗೆ ಬಾರದೆ ಮತ ಹಾಕಿದವರೇ ಹೆಚ್ಚು. ಸಾಮಾನ್ಯವಾಗಿ ಅಷ್ಟು ಜನರನ್ನು ಸುತ್ತಲಿನ ನಾಲ್ಕಾರು ತಾಲ್ಲೂಕುಗಳಿಂದ ಬಸ್ಸು, ಟೆಂಪೊಗಳಲ್ಲಿ ಕರೆತರಬೇಕಾಗುತ್ತದೆ.

ಸಭೆಗೆ ಬಾರದಿರಲು ಕಾರಣಗಳು ಹಲವು. ಕೂಲಿ ಮಾಡುವವರಿಗೆ ಒಂದು ದಿನ ಹೋದರೆ ಒಂದು ದಿನದ ದುಡಿಮೆ ಹೋದಂತೆ. ಮನೆಯಲ್ಲಿ ಹಸುಗೂಸೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಬಿಸಿಲಲ್ಲಿ ಮೂರು ತಾಸು ಕೂರುವ ಮಾತೇ ಇಲ್ಲ. ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳೇ ಅಡ್ಡ ಬರುತ್ತವೆ: ಯಾವ ಪಕ್ಷದ ಪ್ರಚಾರದಲ್ಲೂ ಅವರು ಪಾಲ್ಗೊಳ್ಳುವಂತಿಲ್ಲ, ಮತ ಹಾಕಬಹುದು, ಆದರೆ ಯಾರಿಗೆ ಹಾಕುತ್ತೇನೆಂದು ತೋರಿಸಿಕೊಳ್ಳುವಂತಿಲ್ಲ. ಪ್ರಚಾರದಿಂದ ದೂರವಿರುವುದೂ ಮತ ಹಾಕುವುದೂ ಒಟ್ಟಿಗೆ ಸಾಧ್ಯವೆಂದು ಕಾನೂನೇ ಇಲ್ಲಿ ಒಪ್ಪಿಕೊಂಡಿದೆ.

ಹಳ್ಳಿಗಳಲ್ಲಿ ಇನ್ನೊಂದು ಕಾರಣ ಇದೆ, ಎಲ್ಲಕ್ಕಿಂತ ಗಟ್ಟಿಯಾದದ್ದು. ಒಂದು ಪಕ್ಷದ ಸಭೆಯಲ್ಲಿ ಕಾಣಿಸಿಕೊಂಡವನಿಗೆ ಆ ಪಕ್ಷದವನೆಂಬ ಹೆಸರು ಅಂಟಿಕೊಳ್ಳುತ್ತದೆ. ನಾಳೆ ಪಡಿತರ ಚೀಟಿಗೋ ಮನೆ ಮಂಜೂರಾತಿಗೋ ಓಡಾಡುವಾಗ ಆ ಹೆಸರು ಎದುರಿಗೆ ಬರಬಹುದೆಂಬ ಅಳುಕು ಇರುತ್ತದೆ. ಹೊಲದ ಬದುವಿನಾಚೆಯವನು, ಬೀಗರು, ಸಾಲ ಕೊಟ್ಟವನು ಬೇರೆ ಪಕ್ಷದಲ್ಲಿದ್ದರೆ ಸುಮ್ಮನಿರುವುದೇ ಬಾಳಿಗೆ ಹಿತ. ಇಂಥವರ ಮೌನವನ್ನು ಅಸಡ್ಡೆ ಎಂದು ಓದುವುದು ಅನ್ಯಾಯ. ಅವರಿಗಾಗಿಯೇ ಇರುವುದು ಗುಟ್ಟಿನ ಮತದಾನ.

ಈ ಗುಟ್ಟನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆ ಕಾಪಾಡುತ್ತದೆ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾವ ಸಾಕ್ಷಿಯನ್ನೂ, ಯಾವ ವ್ಯಕ್ತಿಯನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ ಅದರ 94ನೇ ಕಲಂ. ಮತಗಟ್ಟೆಯ ಸಿಬ್ಬಂದಿಯಾಗಲಿ ಪಕ್ಷದ ಏಜೆಂಟರಾಗಲಿ ಗುಟ್ಟು ಒಡೆದರೆ 128ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲಾಗಬಹುದು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕೆನ್ನುವ 126ನೇ ಕಲಂ ಕೂಡ ಇದೇ ಕಾಯ್ದೆಯದು. ಧ್ವನಿವರ್ಧಕಗಳು ಮೌನವಾಗಿ, ಮತದಾರ ತನ್ನಷ್ಟಕ್ಕೆ ಯೋಚಿಸಲೆಂದು ಬಿಟ್ಟುಕೊಟ್ಟ ಎರಡು ದಿನಗಳು ಇವು.

ಇಷ್ಟು ಜತನದಿಂದ ಕಾಪಾಡುವ ಈ ಹಕ್ಕು ಹಿಂದೆ ಎಲ್ಲರಿಗೂ ಇರಲಿಲ್ಲ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗ ಅಲ್ಲಿ ಕೂತವರು ಮುಖ್ಯವಾಗಿ ಜಮೀನುದಾರರು ಮತ್ತು ವರ್ತಕರು. ಮುಂದೆ ಚುನಾವಣೆ ಬಂದರೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಯ ಬೇಲಿಯೊಳಗೇ ಉಳಿಯಿತು. ಆ ಬೇಲಿಯನ್ನು ಕಿತ್ತುಹಾಕಿದ್ದು ಸಂವಿಧಾನದ 326ನೇ ವಿಧಿ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿಯಲ್ಲಿದ್ದವರು ಸುಮಾರು 17 ಕೋಟಿ. ಹೆಚ್ಚಿನವರಿಗೆ ಓದು ಬರಹ ಬಾರದ ಕಾರಣ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆಬೇರೆ ಪೆಟ್ಟಿಗೆ ಇಡಲಾಗಿತ್ತು. ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಹೀಗೆ ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ನಮೂದುಗಳನ್ನು ಪಟ್ಟಿಯಿಂದ ತೆಗೆಯಲಾಯಿತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಕಠಿಣ ನಿಲುವು ತಳೆದರು, ಆ ಹೆಂಗಸರಿಗೆ ಆ ಸಲ ನಷ್ಟವೂ ಆಯಿತು. ಆದರೆ ಮತ ಮನೆತನದ್ದಲ್ಲ, ವ್ಯಕ್ತಿಯದು ಎಂಬ ನಿಯಮ ಅಲ್ಲಿಂದ ಗಟ್ಟಿಯಾಯಿತು. ಮತ ಹಾಕುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ. ಅದು 1989ರಲ್ಲಿ ಜಾರಿಗೆ ಬಂತು.

ಪ್ರಚಾರ ಸಭೆಯೂ ಹಕ್ಕಿನ ಫಲವೇ. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಸಭೆಗಳಿಲ್ಲದ ಚುನಾವಣೆ ಆರೋಗ್ಯದ ಲಕ್ಷಣವಲ್ಲ. ಕಾರ್ಯಕರ್ತರಿಗೆ ಹುಮ್ಮಸ್ಸು ತುಂಬಲು, ಬಲ ತೋರಿಸಲು ಸಭೆ ಬೇಕು. ಆದರೆ ಅಭ್ಯರ್ಥಿಯನ್ನು ಅಳೆಯಲು ಅದು ಹೆಚ್ಚು ನೆರವಾಗುವುದಿಲ್ಲ. ವೇದಿಕೆಯಿಂದ ಮಾತು ಕೆಳಗಿಳಿಯುತ್ತದೆ, ಕೆಳಗಿನ ಪ್ರಶ್ನೆ ಮೇಲೇರುವುದಿಲ್ಲ. ಕುರ್ಚಿ, ಶಾಮಿಯಾನ, ಮೈಕು, ಊಟದ ಪೊಟ್ಟಣ ಎಲ್ಲವೂ ಅಭ್ಯರ್ಥಿಯ ವೆಚ್ಚಕ್ಕೆ ಸೇರಬೇಕು. ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ 2022ರಿಂದ ಆ ವೆಚ್ಚದ ಮಿತಿ ವಿಧಾನಸಭೆಗೆ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಪಕ್ಷಗಳ ಖರ್ಚಿಗೆ ಇಂಥ ಮಿತಿಯೇ ಇಲ್ಲ. ಮೈದಾನದ ಜನಸಂಖ್ಯೆ ಬಹಳಷ್ಟು ಸಲ ಹಣದ ಅಳತೆ ಆಗಿಬಿಡುವುದು ಇದರಿಂದಲೇ.

ಸಭೆಗೆ ಹೋಗದವರಿಗೆ ಅಭ್ಯರ್ಥಿಯ ಬಗ್ಗೆ ತಿಳಿಯಲು ಒಳ್ಳೆಯ ದಾರಿಗಳಿವೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ಇರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಅದನ್ನು ಓದಬಹುದು. ಕ್ರಿಮಿನಲ್ ಪ್ರಕರಣ ಇದ್ದವರು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ, ಟಿವಿಗಳಲ್ಲಿ ಅದನ್ನು ಪ್ರಕಟಿಸಬೇಕು. ಎರಡು ತಾಸಿನ ಭಾಷಣಕ್ಕಿಂತ ಈ ನಾಲ್ಕು ಹಾಳೆಗಳು ಹೆಚ್ಚು ಹೇಳುತ್ತವೆ. ಓದಿದ ಮೇಲೂ ಯಾರೂ ಮನಸ್ಸಿಗೆ ಬಾರದಿದ್ದರೆ, 2013ರ ತೀರ್ಪಿನಿಂದ ಬಂದ ನೋಟಾ ಗುಂಡಿ ಮತಯಂತ್ರದ ಕೊನೆಯಲ್ಲಿದೆ. ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆಂಬುದು ಗೊತ್ತಿರಬೇಕು.

ಇಷ್ಟೆಲ್ಲ ಓದಿ ಯೋಚಿಸಿದವರೂ ಎಡವುವುದು ಮತದಾರರ ಪಟ್ಟಿಯಲ್ಲಿ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ಬೆಂಗಳೂರಿನಂಥ ನಗರದಲ್ಲಿ ಈ ತೊಡಕು ದೊಡ್ಡದು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿದವರಷ್ಟೇ ಸೇರಬಹುದಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳೂ ಲೆಕ್ಕಕ್ಕಿವೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ತಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿಬಿಟ್ಟಿದ್ದರೆ ಮಾತ್ರ ಹಿಂದಿರುಗಬೇಕಿಲ್ಲ: ಗುರುತು ಸಾಬೀತುಪಡಿಸಿ, ಮತಗಟ್ಟೆ ಅಧಿಕಾರಿಯಿಂದ ಟೆಂಡರ್ ಮತಪತ್ರ ಕೇಳಿ ಪಡೆಯಬಹುದು.